ಬಿಗ್ ಬ್ಯಾಂಡ್‌ಗಳನ್ನು ಮುಗಿಸಿದ್ದು 1942ರ ಮುಷ್ಕರವೇ?

ಹಳೆಯ ತಟ್ಟೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಜನಪ್ರಿಯ ಸಂಗೀತದ ಚರ್ಚೆ ಬಂದಾಗಲೆಲ್ಲ, ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಜನರ ಅಭಿರುಚಿ ಬದಲಾಗಿ, ಕುಣಿತಕ್ಕೆ ಜಾಝ್ ನುಡಿಸುತ್ತಿದ್ದ ದೊಡ್ಡ ವಾದ್ಯಮೇಳಗಳಾದ ಬಿಗ್ ಬ್ಯಾಂಡ್‌ಗಳು ಮರೆಯಾದವು, ಅವುಗಳ ಜಾಗಕ್ಕೆ ಒಂಟಿ ಗಾಯಕರು ಬಂದರು ಎಂಬ ವಿವರಣೆಯನ್ನು ಓದುತ್ತೇವೆ. 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಸಭಾಂಗಣ ತುಂಬಿಸಿದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ರ ಮಾದರಿಯ, ಹದಿನೈದು ಹದಿನಾರು ವಾದಕರ ಮೇಳವನ್ನು 1946ರಲ್ಲಿ ನಡೆಸುವುದೇ ಕಷ್ಟವಾಯಿತು ಎನ್ನುವುದು ನಿಜ. ಆದರೆ ಕೇವಲ ಎಂಟು ವರ್ಷಗಳಲ್ಲಿ ಇಡೀ ದೇಶದ ಕಿವಿ ತಾನಾಗಿಯೇ ಬದಲಾಯಿತು ಎಂಬುದನ್ನು ನಂಬಲು ನನಗೆ ಮನಸ್ಸು ಬರುವುದಿಲ್ಲ. ಕೇಳುಗರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಮೊದಲು ನೋಡಬೇಕು.

1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಒಕ್ಕೂಟವು ತನ್ನ ಸದಸ್ಯರು ಯಾವುದೇ ಕಂಪನಿಗೆ ಧ್ವನಿಮುದ್ರಣ ಮಾಡಿಕೊಡುವುದನ್ನು ನಿಲ್ಲಿಸಿತು. ಒಕ್ಕೂಟದ ಅಧ್ಯಕ್ಷ ಜೇಮ್ಸ್ ಸೀಸರ್ ಪೆಟ್ರಿಲೊ ಷಿಕಾಗೋದವರು, ಒಂದು ಕಾಲದಲ್ಲಿ ಟ್ರಂಪೆಟ್ ನುಡಿಸುತ್ತಿದ್ದವರು, ನುಡಿಸುವುದಕ್ಕಿಂತ ಸಂಘಟನೆಯಲ್ಲಿ ಹೆಚ್ಚು ಗಟ್ಟಿಗರು. ಅವರ ವಾದ ಸರಳವಾಗಿತ್ತು. ವಾದಕನು ಸ್ಟುಡಿಯೋದಲ್ಲಿ ಒಮ್ಮೆ ನುಡಿಸಿ ಒಂದು ಸಲದ ಕೂಲಿ ಪಡೆಯುತ್ತಾನೆ. ಹಾಗೆ ಮುದ್ರಿಸಿದ ಗ್ರಾಮೋಫೋನ್ ತಟ್ಟೆಯನ್ನು ರೇಡಿಯೋ ಕೇಂದ್ರಗಳೂ, ಕಾಸು ಹಾಕಿದರೆ ಹಾಡು ನುಡಿಸುವ ಯಂತ್ರಗಳಾದ ಜ್ಯೂಕ್‌ಬಾಕ್ಸ್‌ಗಳೂ ಸಾವಿರಾರು ಸಲ ನುಡಿಸಿ ಹಣ ಮಾಡುತ್ತವೆ. ಆ ತಟ್ಟೆಯಿಂದಾಗಿಯೇ ಇನ್ನೊಂದು ಊರಿನ ಹೋಟೆಲಿನಲ್ಲಿ ನುಡಿಸುತ್ತಿದ್ದ ಅವನ ಸಹೋದ್ಯೋಗಿ ಕೆಲಸ ಕಳೆದುಕೊಳ್ಳುತ್ತಾನೆ. ಆದ್ದರಿಂದ ಮಾರಾಟವಾಗುವ ಪ್ರತಿ ತಟ್ಟೆಯ ಮೇಲೂ ಕಂಪನಿಗಳು ಸಂಘದ ನಿಧಿಗೆ ಒಂದಿಷ್ಟು ಹಣ ಕಟ್ಟಬೇಕು ಎಂದು ಅವರು ಪಟ್ಟು ಹಿಡಿದರು.

ಡೆಕ್ಕಾ ಕಂಪನಿ 1943ರ ಸೆಪ್ಟೆಂಬರ್‌ನಲ್ಲಿ ಮಣಿಯಿತು, ಅದರ ಮುಂದಿನ ತಿಂಗಳು ಕ್ಯಾಪಿಟಲ್ ಒಪ್ಪಿತು. ದೊಡ್ಡ ಕಂಪನಿಗಳಾದ ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್ 11ರವರೆಗೆ ಸಹಿ ಹಾಕಲಿಲ್ಲ. ಅಂದರೆ ದೇಶದ ಹೆಸರಾಂತ ಬ್ಯಾಂಡ್‌ಗಳಲ್ಲಿ ಹೆಚ್ಚಿನವು ಎರಡು ವರ್ಷಕ್ಕೂ ಮಿಕ್ಕಿ ಮಾರಾಟಕ್ಕಾಗಿ ಒಂದೇ ಒಂದು ಹೊಸ ತಟ್ಟೆಯನ್ನು ಧ್ವನಿಮುದ್ರಿಸಲಾಗಲಿಲ್ಲ. ಹಾಡುಗಾರರು ಮಾತ್ರ ಈ ಸಂಘದ ವ್ಯಾಪ್ತಿಯಲ್ಲಿ ಇರಲಿಲ್ಲ. ಅವರು ಹಾಡುತ್ತಲೇ ಇದ್ದರು. ಬ್ಯಾಂಡ್‌ಗಳ ಅವಸಾನಕ್ಕೆ ಈ ಎರಡು ವರ್ಷಗಳೇ ಮುಖ್ಯ ಕಾರಣವೆಂದು ನಾನು ಹೇಳುತ್ತೇನೆ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಲೆಕ್ಕದ ಪುಸ್ತಕ

ತಾವು ಕೊಟ್ಟ ದಿನಾಂಕಗಳ ಬಗ್ಗೆ ನನ್ನ ತಕರಾರಿಲ್ಲ, ತೀರ್ಮಾನದ ಬಗ್ಗೆ ಇದೆ. ಬ್ಯಾಂಡ್‌ಗಳ ಮುಖ್ಯ ಆದಾಯ ತಟ್ಟೆಗಳಿಂದ ಬರುತ್ತಿರಲಿಲ್ಲ. ತಟ್ಟೆ ಒಂದು ಜಾಹೀರಾತು. ಹಣ ಬರುತ್ತಿದ್ದುದು ನೃತ್ಯ ಸಭಾಂಗಣಗಳಲ್ಲಿ ಒಂದೊಂದೇ ರಾತ್ರಿಯ ಕಾರ್ಯಕ್ರಮಗಳಿಂದ. ಇಂದು ಒಂದು ಊರು, ನಾಳೆ ಇನ್ನೂರು ಮೈಲಿ ಆಚೆಯ ಇನ್ನೊಂದು ಊರು, ನಡುವೆ ಬಸ್ಸಿನಲ್ಲೇ ನಿದ್ದೆ. ಈ ತಿರುಗಾಟಕ್ಕೆ ಬೇಕಾದದ್ದೆಲ್ಲ 1942ರಲ್ಲಿ ಒಂದೊಂದಾಗಿ ಕೈತಪ್ಪಿತು. ಜನವರಿಯಲ್ಲಿ ಟೈರುಗಳಿಗೆ ಪಡಿತರ ಬಂತು, ಜೂನ್‌ನಲ್ಲಿ ಬಾಡಿಗೆ ಬಸ್ಸುಗಳ ಮೇಲೆ ನಿರ್ಬಂಧ ಬಂತು, ಡಿಸೆಂಬರ್‌ನಲ್ಲಿ ದೇಶಾದ್ಯಂತ ಪೆಟ್ರೋಲಿಗೂ ಪಡಿತರ ಬಂತು. ಊರಾಚೆಯ ಸಭಾಂಗಣಕ್ಕೆ ಬ್ಯಾಂಡು ಹೋಗುವುದು ಹಾಗಿರಲಿ, ಕುಣಿಯಲು ಬರುವ ಹುಡುಗ ಹುಡುಗಿಯರಿಗೇ ಕಾರಿಗೆ ಹಾಕಲು ಎಣ್ಣೆ ಇರಲಿಲ್ಲ.

ಅದರ ಮೇಲೆ ಸೇನೆಯ ಕಡ್ಡಾಯ ಭರ್ತಿ. ಬ್ಯಾಂಡ್ ನಾಯಕರಲ್ಲಿ ಆರ್ಟಿ ಷಾ ನೌಕಾಪಡೆಗೆ ಸೇರಿದರು, ಗ್ಲೆನ್ ಮಿಲ್ಲರ್ ತಮ್ಮ ಬ್ಯಾಂಡನ್ನೇ ವಿಸರ್ಜಿಸಿ 1942ರಲ್ಲಿ ಸೇನೆಗೆ ಹೋದರು; 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಾಲುವೆಯ ಮೇಲೆ ಹಾರಿದ ಅವರ ವಿಮಾನ ಪತ್ತೆಯಾಗಲೇ ಇಲ್ಲ. ಉಳಿದ ಅನುಭವಿ ವಾದಕರಿಗೆ ಬೇಡಿಕೆ ಹೆಚ್ಚಾಗಿ ಸಂಬಳ ಏರಿತು. ಸಂಬಳ ಏರಿದಾಗ ಮೂವರ ಮೇಳದವನು ಹೇಗೋ ತೂಗಿಸುತ್ತಾನೆ, ಹದಿನಾರು ಜನರ ಮೇಳದವನು ಸಾಲ ಮಾಡುತ್ತಾನೆ.

ಇದಕ್ಕಿಂತಲೂ ದೊಡ್ಡ ಪೆಟ್ಟು ಕ್ಯಾಬರೆ ತೆರಿಗೆಯದು. 1944ರ ಏಪ್ರಿಲ್‌ನಿಂದ, ಊಟ ಪಾನೀಯ ಬಡಿಸುವ ಜಾಗದಲ್ಲಿ ನೃತ್ಯಕ್ಕೆ ಅಥವಾ ಹಾಡಿಗೆ ಅವಕಾಶವಿದ್ದರೆ ಗಿರಾಕಿಯ ಇಡೀ ಬಿಲ್ಲಿನ ಮೇಲೆ ಶೇಕಡ 30 ತೆರಿಗೆ ವಿಧಿಸಲಾಯಿತು. ಗಲಾಟೆ ಎದ್ದ ಮೇಲೆ ಜುಲೈನಲ್ಲಿ ಅದನ್ನು ಶೇಕಡ 20ಕ್ಕೆ ಇಳಿಸಿದರು, ಆದರೆ ಯುದ್ಧ ಮುಗಿದರೂ ತೆಗೆಯಲಿಲ್ಲ. 1960ರವರೆಗೆ ಅದೇ ದರ ಉಳಿಯಿತು. ಕುಣಿತ, ಹಾಡು ಎರಡೂ ಇಲ್ಲದೆ ಬರೀ ವಾದ್ಯಸಂಗೀತ ನಡೆಯುವ ಜಾಗಕ್ಕೆ ಮಾತ್ರ ಈ ತೆರಿಗೆ ಇರಲಿಲ್ಲ. ಕ್ಲಬ್ಬಿನ ಮಾಲೀಕನ ಸ್ಥಾನದಲ್ಲಿ ನಿಂತು ನೋಡಿ. ನೆಲದ ಮೇಲೆ ಕುಣಿಯಲು ಬಿಟ್ಟ ಜಾಗದಲ್ಲಿ ಮೇಜು ಕುರ್ಚಿ ಹಾಕಿಸಿ, ನಾಲ್ಕೈದು ವಾದಕರನ್ನು ಕೂರಿಸಿದರೆ ತೆರಿಗೆಯೂ ಉಳಿಯಿತು, ಸಂಬಳವೂ ಉಳಿಯಿತು. ಜನ ಕುಣಿಯುವುದನ್ನು ಬಿಟ್ಟು ಕುಳಿತು ಕೇಳಲು ತೊಡಗಿದ್ದರಲ್ಲಿ ಈ ತೆರಿಗೆಯ ಪಾಲು ದೊಡ್ಡದು. ಪೆಟ್ರಿಲೊ ಇಲ್ಲದಿದ್ದರೂ ಇವೆಲ್ಲ ನಡೆಯುತ್ತಿದ್ದವು.

ಶ್ರುತಿಪೆಟ್ಟಿಗೆ

ಇಬ್ಬರ ಬರಹವೂ ಉಪಯುಕ್ತವಾಗಿದೆ. ಒಂದು ಸಂದೇಹ ಕೇಳುತ್ತೇನೆ. ಹಾಡುಗಾರರು ಸಂಘದಲ್ಲಿ ಇರಲಿಲ್ಲ ಸರಿ, ಆದರೆ ವಾದ್ಯಗಳೇ ಇಲ್ಲದೆ ಅವರು ತಟ್ಟೆ ಮಾಡಿದ್ದು ಹೇಗೆ? ಪಕ್ಕವಾದ್ಯವಿಲ್ಲದ ಪ್ರೇಮಗೀತೆಗಳನ್ನು ಜನ ದುಡ್ಡು ಕೊಟ್ಟು ಕೊಂಡರೇ?

ಹಳೆಯ ತಟ್ಟೆ

ಕೊಂಡರು, ಶ್ರುತಿಪೆಟ್ಟಿಗೆಯವರೇ. ವಾದ್ಯಗಳ ಜಾಗದಲ್ಲಿ ಕೋರಸ್ ಗಾಯಕರನ್ನು ನಿಲ್ಲಿಸಿ, ತಂತಿವಾದ್ಯಗಳೂ ಗಾಳಿವಾದ್ಯಗಳೂ ತುಂಬಬೇಕಾದ ಎಡೆಗಳನ್ನು ಆ, ಊ ಎಂಬ ಸ್ವರಗಳಿಂದ ತುಂಬಿಸಿದರು. 1943ರಲ್ಲಿ ಡಿಕ್ ಹೇಮ್ಸ್ ಡೆಕ್ಕಾಗೆ ಹಾಡಿದ ‘ಯೂ ವಿಲ್ ನೆವರ್ ನೋ’ ಹೀಗೆಯೇ ಸಿದ್ಧವಾಗಿ ದೇಶದ ಮೊದಲ ಸ್ಥಾನಕ್ಕೆ ಏರಿತು. ಅದೇ ಬೇಸಿಗೆಯಲ್ಲಿ ಫ್ರಾಂಕ್ ಸಿನಾಟ್ರಾ ಕೊಲಂಬಿಯಾಗೆ ಒಂಟಿ ಗಾಯಕನಾಗಿ ಮಾಡಿಕೊಟ್ಟ ಮೊದಲ ತಟ್ಟೆಗಳಲ್ಲಿಯೂ ಹಿಂದೆ ಇರುವುದು ಬಾಬಿ ಟಕರ್ ಅವರ ಗಾಯಕವೃಂದ ಮಾತ್ರ. ಇಂದು ಅವನ್ನು ಕೇಳಿದರೆ ಏನೋ ಖಾಲಿ ಖಾಲಿ ಅನಿಸುತ್ತದೆ. ಲಯ ಹಿಡಿದು ನಡೆಸುವ ಡ್ರಮ್ ಇಲ್ಲ, ಬೇಸ್ ಇಲ್ಲ, ಹಾಡು ನಿಂತಲ್ಲೇ ತೇಲುತ್ತದೆ. ಆದರೆ ಆ ಖಾಲಿತನದ ನಡುವೆ ಕೇಳುಗನ ಕಿವಿಗೆ ಹಿಡಿದುಕೊಳ್ಳಲು ಇದ್ದದ್ದು ಒಂದೇ, ಮುಂದೆ ನಿಂತ ಆ ಒಂದು ದನಿ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿದೆ. ಸಿನಾಟ್ರಾ ಇನ್ನೂ ಹೆಸರಿಲ್ಲದ ಹುಡುಗನಾಗಿ ಹ್ಯಾರಿ ಜೇಮ್ಸ್‌ರ ಬ್ಯಾಂಡಿನಲ್ಲಿದ್ದಾಗ, 1939ರ ಆಗಸ್ಟ್‌ನಲ್ಲಿ, ‘ಆಲ್ ಆರ್ ನಥಿಂಗ್ ಅಟ್ ಆಲ್’ ಎಂಬ ಹಾಡನ್ನು ಹಾಡಿದ್ದರು. ಆಗ ಅದು ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. ಆ ದಿನಗಳ ರೂಢಿಯಂತೆ ಲೇಬಲ್ಲಿನ ಮೇಲೆ ದೊಡ್ಡದಾಗಿ ಇದ್ದದ್ದು ಬ್ಯಾಂಡಿನ ಯಜಮಾನನ ಹೆಸರು, ಗಾಯಕನದು ಕೆಳಗೆ ಸಣ್ಣದಾಗಿ. ಮುಷ್ಕರದ ನಡುವೆ ಹೊಸ ಸರಕಿಲ್ಲದೆ ಪರದಾಡುತ್ತಿದ್ದ ಕೊಲಂಬಿಯಾ, 1943ರಲ್ಲಿ ಈ ಹಳೆಯ ತಟ್ಟೆಯನ್ನೇ ಹೊರತೆಗೆದು, ಸಿನಾಟ್ರಾ ಹೆಸರನ್ನು ಮೇಲೆ ತಂದು ಮರುಬಿಡುಗಡೆ ಮಾಡಿತು. ಹತ್ತು ಲಕ್ಷ ಪ್ರತಿಗಳು ಹೋದವು. ದನಿ ಅದೇ, ಟ್ರಂಪೆಟ್ ಅದೇ, ಮೇಣದಲ್ಲಿ ಕೊರೆದ ಗೆರೆಯೂ ಅದೇ. ಹೆಸರುಗಳ ಸ್ಥಾನ ಮಾತ್ರ ಅದಲು ಬದಲಾಗಿತ್ತು. ಲೆಕ್ಕದ ಪುಸ್ತಕದವರು ಹೇಳಿದ ಟೈರು, ಬಸ್ಸು, ತೆರಿಗೆಗಳಿಂದ ಬ್ಯಾಂಡು ಬಡವಾಗಿರಬಹುದು, ಆದರೆ ಗಾಯಕ ಯಜಮಾನನಾದದ್ದು ಅವುಗಳಿಂದಲ್ಲ.

ಮುತ್ತುಗದ ಮರ

ಈ ಚರ್ಚೆಯಲ್ಲಿ ನಮ್ಮ ದೇಶದ ಪಾತ್ರವನ್ನು ಯಾರೂ ಎತ್ತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಆಗಿನ 78 ಸುತ್ತಿನ ತಟ್ಟೆಗಳನ್ನು ಬೆಸೆದು ಹಿಡಿಯುತ್ತಿದ್ದುದು ಅರಗು. ಕಲ್ಲಿನ ಪುಡಿ, ಮಸಿ, ಹತ್ತಿಯ ನಾರುಗಳನ್ನು ಅರಗಿನ ಜೊತೆ ಬಿಸಿಮಾಡಿ ಅಚ್ಚಿಗೆ ಹಾಕಿ ಒತ್ತಿದರೆ ತಟ್ಟೆ ತಯಾರು. ಆ ಅರಗು ಬರುತ್ತಿದ್ದುದು ಬಹುಪಾಲು ಭಾರತದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಅರಗಿನ ಹುಳುಗಳು ಕುಳಿತು ರಸ ಹೀರಿ ತಮ್ಮ ಸುತ್ತ ಸ್ರವಿಸುವ ಅಂಟನ್ನು, ಕೊಂಬೆ ಸಹಿತ ಕಡಿದು, ಕೆರೆದು, ತೊಳೆದು, ಕರಗಿಸಿ, ತೆಳುವಾದ ಹಾಳೆಗಳಾಗಿ ಎಳೆದು, ಕಲ್ಕತ್ತದಿಂದ ಹಡಗಿಗೆ ಹಾಕುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೂ ಇದೇ ಹುಳುವಿನದು.

ಸಯಾಮ್ ಮತ್ತು ಬರ್ಮಾ ದೇಶಗಳಲ್ಲಿಯೂ ಅರಗು ಬೆಳೆಯುತ್ತಿತ್ತು, ಆದರೆ 1942ರ ಹೊತ್ತಿಗೆ ಅವು ಜಪಾನಿನ ಹಿಡಿತಕ್ಕೆ ಹೋದವು. ಭಾರತದಿಂದ ಬರುವ ಹಡಗುಗಳಿಗೆ ದಾರಿಯಲ್ಲಿ ಅಪಾಯ, ಬಂದ ಅರಗಿಗೆ ಸೇನೆಯ ಮೊದಲ ಹಕ್ಕು, ಏಕೆಂದರೆ ಮದ್ದುಗುಂಡುಗಳ ಲೇಪನಕ್ಕೂ ವಿದ್ಯುತ್ ಉಪಕರಣಗಳಿಗೂ ಅದು ಬೇಕಾಗಿತ್ತು. 1942ರ ಏಪ್ರಿಲ್‌ನಲ್ಲಿ, ಅಂದರೆ ಮುಷ್ಕರಕ್ಕೆ ನಾಲ್ಕು ತಿಂಗಳ ಮೊದಲೇ, ಅಮೆರಿಕದ ಯುದ್ಧೋತ್ಪಾದನಾ ಮಂಡಳಿಯು ತಟ್ಟೆ ತಯಾರಕರ ಅರಗಿನ ಬಳಕೆಯನ್ನು ತೀವ್ರವಾಗಿ ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಅಂಗಡಿಗೆ ತಂದು ಕೊಡಿ, ಪುಡಿ ಮಾಡಿ ಹೊಸದು ಒತ್ತುತ್ತೇವೆ ಎಂದು ಕಂಪನಿಗಳು ಗಿರಾಕಿಗಳನ್ನು ಕೇಳಿಕೊಂಡವು. ಹಾಗೆ ಪುಡಿಯಾದ ರಾಶಿಯಲ್ಲಿ ಇಪ್ಪತ್ತರ ದಶಕದ ಎಷ್ಟು ಬ್ಲೂಸ್ (ಕಪ್ಪು ಅಮೆರಿಕನ್ನರ ಜನಪದ ಹಾಡು) ತಟ್ಟೆಗಳಿದ್ದವೋ ಎಂದು ಯೋಚಿಸಿದರೆ ಸಂಗ್ರಾಹಕರ ಎದೆ ಧಸಕ್ಕೆನ್ನುತ್ತದೆ.

ಅರಗಿನ ಕೊರತೆಯಲ್ಲಿ ಕಂಪನಿಗಳು ಖಚಿತವಾಗಿ ಮಾರಾಟವಾಗುವ ಹೆಸರುಗಳನ್ನೇ ಮುದ್ರಿಸಿದವು. ಹೀಗಾಗಿ ಗ್ರಾಮೀಣ ಹಾಡುಗಾರರಿಗೂ ಬ್ಲೂಸ್ ಗಾಯಕರಿಗೂ ಮುಷ್ಕರಕ್ಕೆ ಮೊದಲೇ ಬಾಗಿಲು ಅರ್ಧ ಮುಚ್ಚಿತ್ತು.

ಇನ್ನೊಂದು ವಿಷಯ. ನ್ಯೂಯಾರ್ಕಿನಲ್ಲಿ ಯಾರೂ ಮೈಕಿನ ಮುಂದೆ ನುಡಿಸದಿದ್ದ ಆ ವರ್ಷಗಳಲ್ಲಿ, ಷಿಕಾಗೋದಲ್ಲಿ ಹೆಸರು ಮಾಡಿದ್ದ ಕಪ್ಪು ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಕಲ್ಕತ್ತದ ಗ್ರಾಂಡ್ ಹೋಟೆಲಿನಲ್ಲಿ ಬ್ಯಾಂಡು ನಡೆಸುತ್ತ, ಅಲ್ಲೇ ತಟ್ಟೆಗಳನ್ನೂ ಮಾಡುತ್ತಿದ್ದರು. ಪೆಟ್ರಿಲೊ ಅವರ ಆಜ್ಞೆ ಹೂಗ್ಲಿ ನದಿಯವರೆಗೆ ಮುಟ್ಟುತ್ತಿರಲಿಲ್ಲ. 1945ರ ಏಪ್ರಿಲ್‌ನಲ್ಲಿ ಕಾಲರಾ ತಗಲಿ ಅವರು ಅದೇ ಊರಿನಲ್ಲಿ ತೀರಿಕೊಂಡರು.

ಮಧ್ಯರಾತ್ರಿ ಕೇಳುಗ

ಮುತ್ತುಗದ ಮರದವರ ಬರಹಕ್ಕೆ ಧನ್ಯವಾದ. ನಾನು ಮುಷ್ಕರದ ಇನ್ನೊಂದು ಪರಿಣಾಮದ ಬಗ್ಗೆ ಹೇಳಬೇಕು. ಜಾಝ್ ಚರಿತ್ರೆಯನ್ನು ತಟ್ಟೆಗಳ ಮೂಲಕ ಕಲಿತವರಿಗೆ, ಸ್ವಿಂಗ್ ಎಂಬ 1942ರ ಕುಣಿತದ ಬ್ಯಾಂಡ್ ಸಂಗೀತದಿಂದ, ಸಣ್ಣ ಮೇಳಗಳು ವೇಗವಾಗಿ ನುಡಿಸುವ 1945ರ ಬೀಬಾಪ್‌ಗೆ ಒಮ್ಮೆಲೇ ನೆಗೆದಂತೆ ಕಾಣುತ್ತದೆ. ಬೀಬಾಪ್ ಕಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮತ್ತು ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಆಕಾಶದಿಂದ ಉದುರಿದವರಂತೆ ಬರುತ್ತಾರೆ. ಅವರಿಬ್ಬರೂ 1943ರಲ್ಲಿ ಅರ್ಲ್ ಹೈನ್ಸ್ ಅವರ ಬಿಗ್ ಬ್ಯಾಂಡಿನಲ್ಲಿ ಒಟ್ಟಿಗೆ ಕುಳಿತು ನುಡಿಸುತ್ತಿದ್ದರು, ಸಾರಾ ವಾನ್ ಅದೇ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಆ ಬ್ಯಾಂಡು ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ಒಂದೇ ಒಂದು ಸ್ಟುಡಿಯೋ ತಟ್ಟೆಯಿಲ್ಲ. ಆಲ್ಟೊ ಸ್ಯಾಕ್ಸೊಫೋನಿನ ಸ್ಥಾನಗಳು ತುಂಬಿದ್ದರಿಂದ ಪಾರ್ಕರ್ ಅಲ್ಲಿ ಟೆನರ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. 1943ರ ಫೆಬ್ರುವರಿಯಲ್ಲಿ ಷಿಕಾಗೋದ ಒಂದು ಹೋಟೆಲ್ ಕೋಣೆಯಲ್ಲಿ ಬಾಬ್ ರೆಡ್‌ಕ್ರಾಸ್ ಎಂಬ ಸ್ನೇಹಿತರು ಮನೆಬಳಕೆಯ ಯಂತ್ರದಲ್ಲಿ ಕೊರೆದಿಟ್ಟುಕೊಂಡ ತಟ್ಟೆಗಳಲ್ಲಿ ಆ ಟೆನರ್ ಕೇಳಿಸುತ್ತದೆ. ಹೊರಗಿನ ಲೋಕಕ್ಕೆ ಅವು ತಲುಪಿದ್ದು ದಶಕಗಳ ನಂತರ.

ಈ ಹೊಸ ಬಗೆಯ ಸಂಗೀತ ಮೊದಲು ತಟ್ಟೆಗೆ ಏರಿದ್ದು 1944ರ ಫೆಬ್ರುವರಿಯಲ್ಲಿ, ಅಪೊಲೊ ಎಂಬ ಆಗತಾನೇ ಹುಟ್ಟಿದ ಕಂಪನಿಗೆ, ಹಿರಿಯರಾದ ಕೋಲ್ಮನ್ ಹಾಕಿನ್ಸ್ ಅವರು ಗಿಲೆಸ್ಪಿ, ಮ್ಯಾಕ್ಸ್ ರೋಚ್, ಆಸ್ಕರ್ ಪೆಟಿಫೋರ್ಡ್ ಮೊದಲಾದ ಕಿರಿಯರನ್ನು ಕಟ್ಟಿಕೊಂಡು ನುಡಿಸಿದಾಗ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಲ್ಲಿ ಸಣ್ಣ ಕಂಪನಿಯೇ ಏಕೆ? ದೊಡ್ಡವರು ಇನ್ನೂ ಪೆಟ್ರಿಲೊ ಜೊತೆ ಹಗ್ಗಜಗ್ಗಾಟದಲ್ಲಿದ್ದರು, ಸಣ್ಣವರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲವಾದ್ದರಿಂದ ಕೇಳಿದ ಷರತ್ತಿಗೆ ಸಹಿ ಹಾಕಿ ಸ್ಟುಡಿಯೋಗೆ ನಡೆದರು.

ಯುದ್ಧಕಾಲದ ಬಿಗ್ ಬ್ಯಾಂಡ್‌ಗಳು ಪೂರ್ತಿ ಮೌನವಾಗಿದ್ದವು ಎನ್ನುವಂತೆಯೂ ಇಲ್ಲ. ಸೈನಿಕರಿಗಾಗಿ ಸೇನೆಯೇ ತಯಾರಿಸುತ್ತಿದ್ದ ವಿ-ಡಿಸ್ಕ್‌ಗಳಿಗೆ 1943ರ ಕೊನೆಯಲ್ಲಿ ಪೆಟ್ರಿಲೊ ವಿನಾಯಿತಿ ಕೊಟ್ಟರು. ಮಾರಬಾರದು ಎಂಬುದು ಷರತ್ತು. ವಿಚಿತ್ರವೆಂದರೆ, ಯುರೋಪಿನ ಕಂದಕದಲ್ಲಿದ್ದ ಸೈನಿಕನಿಗೆ ಬೆನ್ನಿ ಗುಡ್‌ಮನ್‌ರ ಹೊಸ ವಾದನ ಕೇಳಲು ಸಿಗುತ್ತಿತ್ತು, ಓಹಾಯೋದಲ್ಲಿದ್ದ ಅವನ ತಂಗಿಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಲೆಕ್ಕದ ಪುಸ್ತಕ

ಮಧ್ಯರಾತ್ರಿ ಕೇಳುಗರ ಕೊನೆಯ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ರೇಡಿಯೋದಲ್ಲಿ ಬ್ಯಾಂಡ್‌ಗಳ ನೇರ ಪ್ರಸಾರ ಮುಷ್ಕರದ ಉದ್ದಕ್ಕೂ ನಡೆಯಿತು. ಆ ತಂಗಿ ರಾತ್ರಿ ರೇಡಿಯೋ ಹಾಕಿದರೆ ಹೋಟೆಲಿನ ಸಭಾಂಗಣದಿಂದ ಬ್ಯಾಂಡ್ ಕೇಳಬಹುದಿತ್ತು. ಆದ್ದರಿಂದ ಜನರ ಕಿವಿಯಿಂದ ಬ್ಯಾಂಡನ್ನು ಕಿತ್ತುಕೊಂಡರು ಎಂಬುದು ಅರ್ಧ ಸತ್ಯ.

ಇನ್ನು 1946ರ ಡಿಸೆಂಬರ್ ಬಗ್ಗೆ. ಆ ಒಂದು ತಿಂಗಳ ಆಸುಪಾಸಿನಲ್ಲಿ ಗುಡ್‌ಮನ್, ಹ್ಯಾರಿ ಜೇಮ್ಸ್, ಟಾಮಿ ಡಾರ್ಸಿ, ಲೆಸ್ ಬ್ರೌನ್, ವುಡಿ ಹರ್ಮನ್ ಮುಂತಾದವರು ತಮ್ಮ ಬ್ಯಾಂಡ್‌ಗಳನ್ನು ವಿಸರ್ಜಿಸಿದರು. ಕೆಲವರು ಮತ್ತೆ ಕಟ್ಟಿದರು ಎಂಬುದು ಬೇರೆ ಮಾತು. ಆಗ ದೊಡ್ಡ ಕಂಪನಿಗಳ ಮುಷ್ಕರ ಮುಗಿದು ಎರಡು ವರ್ಷ ಕಳೆದಿತ್ತು. ಹರ್ಮನ್‌ರ ಬ್ಯಾಂಡಂತೂ ಆ ವರ್ಷ ಲಾಭದಲ್ಲೇ ಇತ್ತು, ಮಾರ್ಚ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಸ್ಟ್ರಾವಿನ್‌ಸ್ಕಿ ಎಂಬ ಖ್ಯಾತ ಸಂಗೀತ ರಚನೆಕಾರರು ಈ ಬ್ಯಾಂಡಿಗೆಂದೇ ಬರೆದ ಕೃತಿಯನ್ನು ನುಡಿಸಿತ್ತು. ಮನೆಯ ಕಾರಣಕ್ಕೆ ಹರ್ಮನ್ ಅದನ್ನು ನಿಲ್ಲಿಸಿದರು. ಉಳಿದವರಿಗೆ ಯುದ್ಧದ ಕೊನೆಯಲ್ಲಿ ಏರಿದ ಸಂಬಳ ಇಳಿಯಲಿಲ್ಲ, ಯುದ್ಧದಿಂದ ಮರಳಿದವನು ಮದುವೆಯಾಗಿ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ, ಶನಿವಾರ ರಾತ್ರಿ ಮಗು ಎತ್ತಿಕೊಂಡು ಕುಳಿತ. ಇವನ್ನೆಲ್ಲ ಪೆಟ್ರಿಲೊ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಡೆಯ ಸಾಲು

ಇಲ್ಲಿಯವರೆಗಿನ ಚರ್ಚೆ ಓದಿದ ಮೇಲೆ ನನಗೆ ಅನಿಸಿದ್ದು: ಬಿಗ್ ಬ್ಯಾಂಡ್‌ಗಳ ಸಾವು ಎಂಬ ಈ ಕಥೆಯೇ ಬಿಳಿಯರ ಹೋಟೆಲ್ ಸಭಾಂಗಣದಲ್ಲಿ ಕುಳಿತು ಬರೆದದ್ದು. ಅದೇ ವರ್ಷಗಳಲ್ಲಿ ಕಪ್ಪು ಜನರ ನೆಲೆಗಳಾದ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಷಿಕಾಗೋದ ದಕ್ಷಿಣ ಭಾಗದಲ್ಲಿ, ಲಾಸ್ ಏಂಜಲೀಸ್‌ನ ಸೆಂಟ್ರಲ್ ಅವೆನ್ಯೂನಲ್ಲಿ ಏನಾಗುತ್ತಿತ್ತೆಂದು ನೋಡಿದರೆ ಅಲ್ಲಿ ಸಾವಿನ ಸುದ್ದಿಯಿಲ್ಲ. ಯುದ್ಧ ಕಾರ್ಖಾನೆಗಳ ಕೆಲಸಕ್ಕಾಗಿ ದಕ್ಷಿಣದಿಂದ ಬಂದು ನೆಲೆಸಿದ ಲಕ್ಷಾಂತರ ಕಪ್ಪು ಜನರ ಕೈಯಲ್ಲಿ ಮೊದಲ ಬಾರಿಗೆ ವಾರದ ಸಂಬಳವಿತ್ತು, ಅವರಿಗೆ ಕುಣಿಯುವ ಸಂಗೀತವೂ ಬೇಕಿತ್ತು.

ಮುಷ್ಕರಕ್ಕೆ ಎರಡೇ ತಿಂಗಳ ಮೊದಲು, 1942ರ ಮೇ 26ರಂದು, ಲಯೊನೆಲ್ ಹ್ಯಾಂಪ್ಟನ್‌ರ ಬಿಗ್ ಬ್ಯಾಂಡ್ ಡೆಕ್ಕಾಗೆ ‘ಫ್ಲೈಯಿಂಗ್ ಹೋಮ್’ ಮುದ್ರಿಸಿತು. ಹತ್ತೊಂಬತ್ತರ ಹರೆಯದ ಇಲಿನಾಯ್ ಜಾಕೆ ಅದರಲ್ಲಿ ನುಡಿಸಿದ ಟೆನರ್ ಸ್ಯಾಕ್ಸೊಫೋನ್ ಭಾಗವನ್ನು ಗಮನವಿಟ್ಟು ಕೇಳಿ. ಮೊದಲು ಹಾಡಿನ ಧಾಟಿಯನ್ನು ನಯವಾಗಿ ಬಳಸಿಕೊಂಡು ಬರುವವನು, ಕೊನೆಗೆ ಒಂದೇ ಸ್ವರವನ್ನು ಹಿಡಿದು ಮತ್ತೆ ಮತ್ತೆ ಬಾರಿಸುತ್ತಾನೆ. ಬ್ಯಾಂಡು ಹಿಂದಿನಿಂದ ಅವನನ್ನು ನೂಕುತ್ತದೆ. ಮುಂದಿನ ಹದಿನೈದು ವರ್ಷ ರಿದಮ್ ಅಂಡ್ ಬ್ಲೂಸ್ ಎಂಬ ಕಪ್ಪು ಜನರ ಕುಣಿತದ ಸಂಗೀತದ ತಟ್ಟೆಗಳಲ್ಲಿ ಕೇಳಿಸುವ ಸ್ಯಾಕ್ಸೊಫೋನಿನ ಅರಚಾಟಕ್ಕೆಲ್ಲ ಇದು ಮೂಲ. ಬಿಗ್ ಬ್ಯಾಂಡ್ ಸಾಯಲಿಲ್ಲ, ಅದರ ಲಯದ ವಿಭಾಗವೂ ಒಬ್ಬಿಬ್ಬರು ಗಾಳಿವಾದ್ಯದವರೂ ಉಳಿದು ಮಿಕ್ಕವರು ಮನೆಗೆ ಹೋದರು ಎಂದರೆ ಸರಿಯಾದೀತು.

ಇದರಲ್ಲಿ ಮುಷ್ಕರದ ಪಾತ್ರ ನಿಮ್ಮಿಬ್ಬರು ಹೇಳಿದ್ದಕ್ಕಿಂತ ಭಿನ್ನವಾದದ್ದು. ಯಾರು ಮೊದಲು ಸಹಿ ಹಾಕಿದರು ಎಂಬುದನ್ನು ನೋಡಿ. ಡೆಕ್ಕಾ ಸಹಿ ಹಾಕಿದ ಮರುತಿಂಗಳೇ, 1943ರ ಅಕ್ಟೋಬರ್‌ನಲ್ಲಿ, ಲೂಯಿ ಜೋರ್ಡನ್ ತಮ್ಮ ಟಿಂಪನಿ ಫೈವ್ ಎಂಬ ಸಣ್ಣ ಮೇಳದೊಂದಿಗೆ ಸ್ಟುಡಿಯೋದಲ್ಲಿದ್ದರು. ಕ್ಯಾಪಿಟಲ್ ಸಹಿ ಹಾಕಿದ ಮೇಲೆ ನವೆಂಬರ್ 30ರಂದು ನ್ಯಾಟ್ ಕಿಂಗ್ ಕೋಲ್ ತಮ್ಮ ಮೂವರ ಮೇಳದಲ್ಲಿ ‘ಸ್ಟ್ರೈಟನ್ ಅಪ್ ಅಂಡ್ ಫ್ಲೈ ರೈಟ್’ ಹಾಡಿದರು. ವಿಕ್ಟರ್, ಕೊಲಂಬಿಯಾಗಳ ಖ್ಯಾತ ಬ್ಯಾಂಡ್‌ಗಳಿಗೆ ಇನ್ನೂ ಒಂದು ವರ್ಷ ಬಾಗಿಲು ಮುಚ್ಚಿತ್ತು. ಆ ಒಂದು ವರ್ಷ ಜ್ಯೂಕ್‌ಬಾಕ್ಸ್‌ಗಳಲ್ಲಿ ಹೊಸದೆಂದು ತುಂಬಿದ್ದು ಇಂಥ ಸಣ್ಣ ಮೇಳಗಳ ಹಾಡುಗಳು. ಐದಾರು ಜನ ಸೇರಿ ಹದಿನಾರು ಜನರಷ್ಟೇ ಸಭಾಂಗಣ ಕುಣಿಸಬಹುದು ಎಂದು ಜೋರ್ಡನ್ ತೋರಿಸಿಕೊಟ್ಟ ಮೇಲೆ ಲೆಕ್ಕದ ಪುಸ್ತಕದವರ ಲೆಕ್ಕ ತಾನಾಗಿ ಕೆಲಸ ಮಾಡಿತು. ಅವರ ‘ಚೂ ಚೂ ಚ್ ಬೂಗಿ’ 1946ರಲ್ಲಿ ಹದಿನೆಂಟು ವಾರ ಕಪ್ಪು ಕೇಳುಗರ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು.

ಇದಕ್ಕೆ ಇನ್ನೂ ಹಿಂದಿನ ಒಂದು ಜಗಳವನ್ನೂ ಸೇರಿಸಬೇಕು. 1941ರ ಜನವರಿಯಿಂದ ಅಕ್ಟೋಬರ್‌ವರೆಗೆ, ಹಾಡು ಬರೆಯುವವರ ಹಳೆಯ ಸಂಸ್ಥೆ ಅಸ್ಕ್ಯಾಪ್ ಹೆಚ್ಚು ಶುಲ್ಕ ಕೇಳಿದ್ದಕ್ಕೆ ರೇಡಿಯೋ ಜಾಲಗಳು ಅದರ ಹಾಡುಗಳನ್ನೇ ಪ್ರಸಾರ ಮಾಡಲಿಲ್ಲ. ಬದಲಿಗೆ ತಾವೇ 1939ರಲ್ಲಿ ಕಟ್ಟಿದ್ದ ಬಿಎಮ್‌ಐ ಸಂಸ್ಥೆಯ ಹಾಡುಗಳನ್ನೂ, ಹಕ್ಕುಸ್ವಾಮ್ಯ ತೀರಿದ ಹತ್ತೊಂಬತ್ತನೆಯ ಶತಮಾನದ ಸ್ಟೀಫನ್ ಫಾಸ್ಟರ್ ಹಾಡುಗಳನ್ನೂ ಬೇಸರ ಬರುವಷ್ಟು ನುಡಿಸಿದವು. ನ್ಯೂಯಾರ್ಕಿನ ವೃತ್ತಿನಿರತ ಗೀತಕಾರರ ಕೂಟಕ್ಕೆ ಪ್ರವೇಶ ಸಿಗದಿದ್ದ ಬ್ಲೂಸ್ ಮತ್ತು ಗ್ರಾಮೀಣ ಹಾಡುಗಳ ಕರ್ತೃಗಳನ್ನು ಬಿಎಮ್‌ಐ ಸೇರಿಸಿಕೊಂಡಿತು. ಅವರ ಹಾಡು ರೇಡಿಯೋದಲ್ಲಿ ಬಂದರೆ ಅವರಿಗೂ ಹಣ ಬರುವ ದಾರಿ ಆಗ ತೆರೆಯಿತು. ಸಿನ್ಸಿನಾಟಿಯ ಕಿಂಗ್, ನ್ಯೂಆರ್ಕ್‌ನ ಸವಾಯ್, ಲಾಸ್ ಏಂಜಲೀಸ್‌ನ ಮಾಡರ್ನ್, ನ್ಯೂಯಾರ್ಕಿನ ಅಟ್ಲಾಂಟಿಕ್, ಷಿಕಾಗೋದಲ್ಲಿ ಮುಂದೆ ಚೆಸ್ ಎಂದು ಹೆಸರು ಬದಲಿಸಿಕೊಂಡ ಅರಿಸ್ಟೊಕ್ರಾಟ್, ಈ ಸಣ್ಣ ತಟ್ಟೆ ಕಂಪನಿಗಳೆಲ್ಲ 1942ರಿಂದ 1947ರ ನಡುವೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1949ರ ಜೂನ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯು ‘ರೇಸ್ ರೆಕಾರ್ಡ್ಸ್’ ಎಂಬ ಹಳೆಯ ಪಟ್ಟಿಯ ಹೆಸರನ್ನು ತೆಗೆದು ‘ರಿದಮ್ ಅಂಡ್ ಬ್ಲೂಸ್’ ಎಂದಿಟ್ಟಾಗ ಆ ಪಟ್ಟಿಯಲ್ಲಿ ಇದ್ದದ್ದು ಹೆಚ್ಚಾಗಿ ಇವರದೇ ಸರಕು.

ಶ್ರುತಿಪೆಟ್ಟಿಗೆ

ಕಡೆಯ ಸಾಲಿನವರ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಯಿತು. ಹಾಗಾದರೆ ಮುಷ್ಕರದಿಂದ ವಾದಕರಿಗೆ ಸಿಕ್ಕಿದ್ದಾದರೂ ಏನು? ತಮ್ಮ ಕೊಂಬೆಯನ್ನೇ ಕಡಿದುಕೊಂಡರೆಂದು ತಿಳಿಯಬೇಕೇ?

ಹಳೆಯ ತಟ್ಟೆ

ಅಷ್ಟು ಕಠಿಣವಾಗಿ ಹೇಳಲು ಮನಸ್ಸಾಗುವುದಿಲ್ಲ. ಇಪ್ಪತ್ತರ ದಶಕದ ಕೊನೆಯಲ್ಲಿ ಮಾತಿನ ಸಿನಿಮಾ ಬಂದಾಗ, ಮೂಕಿ ಚಿತ್ರಗಳಿಗೆ ಚಿತ್ರಮಂದಿರದಲ್ಲೇ ಕುಳಿತು ನುಡಿಸುತ್ತಿದ್ದ ಸಾವಿರಾರು ವಾದಕರು ಕೆಲವೇ ವರ್ಷಗಳಲ್ಲಿ ಬೀದಿಗೆ ಬಿದ್ದದ್ದನ್ನು ಪೆಟ್ರಿಲೊ ಕಣ್ಣಾರೆ ಕಂಡಿದ್ದರು. ಯಂತ್ರ ಎರಡನೆಯ ಸಲ ಬರುತ್ತಿರುವಾಗ ಸುಮ್ಮನಿರಲು ಅವರು ಸಿದ್ಧರಿರಲಿಲ್ಲ. ಆದರೆ ಜನಾಭಿಪ್ರಾಯವನ್ನು ಗಳಿಸುವ ಕಲೆ ಅವರಿಗೆ ಗೊತ್ತಿರಲಿಲ್ಲ. 1942ರ ಬೇಸಿಗೆಯಲ್ಲಿ ಮಿಷಿಗನ್‌ನ ಇಂಟರ್‌ಲೋಕನ್ ಶಿಬಿರದ ಶಾಲಾ ಮಕ್ಕಳ ವಾದ್ಯವೃಂದದ ರೇಡಿಯೋ ಪ್ರಸಾರವನ್ನು, ಅವರು ಸಂಘದ ಸದಸ್ಯರಲ್ಲ ಎಂಬ ಕಾರಣಕ್ಕೆ, ತಡೆದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. 1944ರ ಅಕ್ಟೋಬರ್‌ನಲ್ಲಿ ಸ್ವತಃ ಅಧ್ಯಕ್ಷ ರೂಸ್‌ವೆಲ್ಟ್ ಮುಷ್ಕರ ನಿಲ್ಲಿಸುವಂತೆ ಕೋರಿದಾಗಲೂ ಅವರು ಒಪ್ಪಲಿಲ್ಲ. ಮುಂದಿನ ತಿಂಗಳು ಕಂಪನಿಗಳೇ ಸೋತವು.

ಸಿಕ್ಕಿದ್ದೇನೆಂದರೆ, ಮಾರಾಟವಾಗುವ ಪ್ರತಿ ತಟ್ಟೆಯಿಂದ ಸಂಘದ ನಿಧಿಗೆ ಬೆಲೆಗೆ ತಕ್ಕಂತೆ ಒಂದು ಪಾಲು. ಆ ಹಣದಿಂದ ಕೆಲಸವಿಲ್ಲದ ವಾದಕರಿಗೆ ಕೂಲಿ ಕೊಟ್ಟು ಉದ್ಯಾನಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಉಚಿತ ಕಛೇರಿಗಳನ್ನು ನಡೆಸಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದನ್ನು ಸಹಿಸಲಿಲ್ಲ. 1947ರ ಟ್ಯಾಫ್ಟ್-ಹಾರ್ಟ್‌ಲಿ ಕಾಯಿದೆಯಿಂದಾಗಿ ಸಂಘಕ್ಕೆ ನೇರವಾಗಿ ಇಂಥ ಹಣ ಕೊಡುವುದು ಕಾನೂನುಬಾಹಿರವಾಯಿತು. ಪೆಟ್ರಿಲೊ 1948ರ ಜನವರಿ 1ರಿಂದ ಎರಡನೆಯ ಮುಷ್ಕರ ಹೂಡಿದರು. ಡಿಸೆಂಬರ್‌ನಲ್ಲಿ ಸಂಘದ ಕೈಗೆ ಸಿಗದ ಪ್ರತ್ಯೇಕ ನ್ಯಾಸವೊಂದನ್ನು (ಟ್ರಸ್ಟ್) ಸ್ಥಾಪಿಸಿ ನಿಧಿಯನ್ನು ಉಳಿಸಿಕೊಂಡರು. ಈ ಎರಡನೆಯ ಮುಷ್ಕರದ ಹೊತ್ತಿಗೆ ಎಲ್ಲರೂ ಮೊದಲೇ ದಾಸ್ತಾನು ಮಾಡಿಟ್ಟುಕೊಂಡಿದ್ದರಿಂದ ಮಾರುಕಟ್ಟೆಗೆ ಅಷ್ಟಾಗಿ ಬಿಸಿ ತಟ್ಟಲಿಲ್ಲ.

ಇದರ ನಡುವೆ ಸಂಘಕ್ಕೆ ಎಂದೂ ದಕ್ಕದ ಒಂದು ಬೇಡಿಕೆಯಿತ್ತು: ರೇಡಿಯೋದಲ್ಲಿ ತಟ್ಟೆ ನುಡಿದಾಗಲೆಲ್ಲ ಅದರಲ್ಲಿ ನುಡಿಸಿದವನಿಗೆ ಹಣ ಬರಬೇಕು ಎಂಬುದು. ಅಮೆರಿಕದ ಎಎಂ, ಎಫ್‌ಎಂ ರೇಡಿಯೋ ಕೇಂದ್ರಗಳು ಇಂದಿಗೂ ಹಾಡು ಬರೆದವನಿಗೆ ಮಾತ್ರ ಹಣ ಕೊಡುತ್ತವೆ, ಹಾಡಿದವನಿಗಲ್ಲ, ನುಡಿಸಿದವನಿಗಲ್ಲ.

ಲೆಕ್ಕದ ಪುಸ್ತಕ

ಆ ಕೊನೆಯ ಅಂಶದಿಂದಲೇ, ಯಾವ ಬ್ಯಾಂಡು ಉಳಿಯಿತು ಎಂಬುದಕ್ಕೆ ಉತ್ತರ ಸಿಗುತ್ತದೆ. ಕೌಂಟ್ ಬೇಸಿ 1950ರಲ್ಲಿ ತಮ್ಮ ದೊಡ್ಡ ಬ್ಯಾಂಡನ್ನು ಬಿಟ್ಟು ಸಣ್ಣ ಮೇಳದಲ್ಲಿ ದಿನ ದೂಡಿದರು, 1952ರಲ್ಲಿ ಮತ್ತೆ ದೊಡ್ಡದನ್ನು ಕಟ್ಟಿದರು. ಡ್ಯೂಕ್ ಎಲಿಂಗ್ಟನ್ ಮಾತ್ರ ಒಂದು ದಿನವೂ ವಿಸರ್ಜಿಸಲಿಲ್ಲ. ಅವರ ಬ್ಯಾಂಡು ಲಾಭದಲ್ಲಿ ಇತ್ತೆಂದಲ್ಲ. 1951ರಲ್ಲಿ ಜಾನಿ ಹಾಜಸ್‌ರಂಥ ಹಿರಿಯ ವಾದಕರೂ ಬಿಟ್ಟುಹೋಗಿದ್ದರು. ಆದರೆ ಎಲಿಂಗ್ಟನ್ ಹಾಡು ಬರೆದವರಾಗಿದ್ದರು. ಮೂವತ್ತರ ದಶಕದಲ್ಲಿ ಬರೆದ ಹಾಡುಗಳ ಗೌರವಧನ ರೇಡಿಯೋದಿಂದ, ತಟ್ಟೆಗಳಿಂದ ಬರುತ್ತಲೇ ಇತ್ತು, ಅದನ್ನು ಅವರು ವಾದಕರ ಸಂಬಳಕ್ಕೆ ಸುರಿದರು. ತಾನು ಬರೆದದ್ದನ್ನು ಮರುದಿನವೇ ಕಿವಿಯಾರೆ ಕೇಳಲು ಹದಿನೈದು ಜನ ಬೇಕು, ಅದಕ್ಕೆ ತೆರುವ ಬೆಲೆ ಇದು ಎಂದು ಅವರು ತಿಳಿದಿದ್ದಂತೆ ತೋರುತ್ತದೆ.

ಮಧ್ಯರಾತ್ರಿ ಕೇಳುಗ

ಲೆಕ್ಕದ ಪುಸ್ತಕದವರು ಲಾಭನಷ್ಟ ಬಿಟ್ಟು ಮಾತಾಡಿದ್ದು ಸಂತೋಷ. 1956ರ ಜುಲೈ 7ರಂದು ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಎಲಿಂಗ್ಟನ್ ಅವರ ಇದೇ ಬ್ಯಾಂಡು, ಹಾಜಸ್ ಮರಳಿ ಬಂದ ಮೇಲೆ, 1937ರ ತನ್ನ ಹಳೆಯ ಕೃತಿಯೊಂದನ್ನು ನುಡಿಸಿತು. ಅದರ ಎರಡು ಭಾಗಗಳ ನಡುವೆ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ ಬ್ಲೂಸ್‌ನ ಇಪ್ಪತ್ತೇಳು ಆವರ್ತಗಳನ್ನು ನಿಲ್ಲಿಸದೆ ನುಡಿಸಿದರು. ಕುರ್ಚಿಗಳಲ್ಲಿ ಕುಳಿತಿದ್ದ ಜನ ಎದ್ದು ಕುಣಿದರು. ಎಲ್ವಿಸ್ ಪ್ರೆಸ್ಲಿ ದೇಶವನ್ನೆಲ್ಲ ಆವರಿಸಿದ್ದ ವರ್ಷ ಅದು. ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆಯ ಮು​ಖಪುಟದ ಮೇಲೆ ಬಂದ ಸಂಗೀತಗಾರ ಎಲಿಂಗ್ಟನ್.

ಆ ರಾತ್ರಿಯ ತಟ್ಟೆಯ ಬಗ್ಗೆಯೇ ಬೇರೆ ಎಳೆ ತೆರೆಯಬೇಕೆಂದಿದ್ದೇನೆ. ಗೊನ್ಸಾಲ್ವೆಸ್ ಕೊಲಂಬಿಯಾ ಕಂಪನಿಯ ಮೈಕಿನ ಬದಲು ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕಿಗೆ ನುಡಿಸಿದ್ದರು, ಹೀಗಾಗಿ ಮೊದಲ ಎಲ್‌ಪಿಯಲ್ಲಿ ಅವರ ವಾದನ ದೂರದಿಂದ ಬಂದಂತಿದೆ. ಎರಡೂ ಧ್ವನಿಮುದ್ರಣಗಳನ್ನು ಜೋಡಿಸಿದ ಆವೃತ್ತಿ 1999ರಲ್ಲಿ ಬಂತು. ಎರಡನ್ನೂ ಕೇಳಿದವರು ಅಲ್ಲಿ ಬರೆಯಬೇಕೆಂದು ಕೋರುತ್ತೇನೆ.